ಹೊರಗಿನವನಿಗೆ ಇಟ್ಟ ಹೆಸರು
ಚೀನೀ, ಜಪಾನೀ ಭಾಷೆಗಳಲ್ಲಿ ‘ವಿದೇಶೀಯ’ ಎಂಬ ಮಾತಿನ ಹಿಂದಿನ ಕಥೆ



ಸೀಮೆಎಣ್ಣೆ, ಸೀಮೆಸುಣ್ಣ, ಪರಂಗಿ ಹಣ್ಣು – ಈ ಮೂರು ಮಾತುಗಳು ನಿಮಗೆ ಚಿಕ್ಕಂದಿನಿಂದ ಪರಿಚಿತ. ಎಣ್ಣೆಗೆ ‘ಸೀಮೆ’ ಏಕೆ ಸೇರಿತು, ಹಣ್ಣಿಗೆ ‘ಪರಂಗಿ’ ಏಕೆ ಅಂಟಿತು ಎಂದು ಎಂದಾದರೂ ಯೋಚಿಸಿದ್ದೀರಾ? ಇಲ್ಲಿ ಸೀಮೆ ಎಂದರೆ ನಮ್ಮದಲ್ಲದ ಸೀಮೆ, ಕಡಲಾಚೆಯ ನಾಡು. ಪರಂಗಿ ಎಂಬುದು ಯುರೋಪಿನ ‘ಫ್ರಾಂಕ್’ ಎಂಬ ಜನಾಂಗದ ಹೆಸರು. ಅದು ಅರಬ್ಬೀ, ಫಾರಸೀ ಭಾಷೆಗಳನ್ನು ಹಾದು ಬಂದು ನಮ್ಮಲ್ಲಿ ಎಲ್ಲ ಬಿಳಿಯರಿಗೂ ಅನ್ವಯಿಸಿತು, ಅವರ ಹಡಗಿನಲ್ಲಿ ಬಂದ ಹಣ್ಣಿಗೂ ಅಂಟಿಕೊಂಡಿತು.

ಪ್ರತಿಯೊಂದು ಭಾಷೆಯಲ್ಲಿಯೂ ಹೊರಗಿನವರನ್ನು ಕರೆಯಲು ಇಂಥ ಮಾತುಗಳಿವೆ. ಚೀನೀ ಮತ್ತು ಜಪಾನೀ ಭಾಷೆಗಳಲ್ಲಿ ಇವುಗಳ ಇತಿಹಾಸ ಎರಡು ಸಾವಿರ ವರ್ಷಗಳಿಗೂ ಹಿಂದಕ್ಕೆ ಹೋಗುತ್ತದೆ. ಬರವಣಿಗೆಯಲ್ಲಿ ಉಳಿದಿರುವುದರಿಂದ ಒಂದೊಂದು ಮಾತೂ ಯಾವಾಗ ಬಂತು, ಹೇಗೆ ಬದಲಾಯಿತು ಎಂಬುದನ್ನು ನಾವು ಗುರುತಿಸಬಹುದು. ಹಾಗೆ ಗುರುತಿಸುತ್ತ ಹೋದಾಗ, ಈ ಹೆಸರುಗಳು ವಿದೇಶೀಯನ ಬಗ್ಗೆ ತಿಳಿಸುವುದಕ್ಕಿಂತ ಹೆಚ್ಚಾಗಿ, ಹೆಸರಿಟ್ಟವನು ಎಲ್ಲಿ ನಿಂತಿದ್ದ, ಯಾರಿಗೆ ಹೆದರುತ್ತಿದ್ದ, ಯಾರಿಂದ ಏನನ್ನು ಬಯಸುತ್ತಿದ್ದ ಎಂಬುದನ್ನು ತಿಳಿಸುತ್ತವೆ ಎಂದು ಗೊತ್ತಾಗುತ್ತದೆ.

ನಾಲ್ಕು ದಿಕ್ಕು, ನಾಲ್ಕು ಹೆಸರು

ಪ್ರಾಚೀನ ಕಾಲದಲ್ಲಿ ಹಳದಿ ನದಿಯ ಬಯಲಿನಲ್ಲಿ ಬೇಸಾಯ ಮಾಡಿ ನಗರಗಳನ್ನು ಕಟ್ಟಿದ ಜನ ತಮ್ಮನ್ನು ‘ಹ್ವಾ’ ಅಥವಾ ‘ಹ್ವಾ-ಶ್ಯಾ’ ಎಂದು ಕರೆದುಕೊಂಡರು. ತಮ್ಮ ನಾಡು ಲೋಕದ ನಡುವೆ ಇದೆ ಎಂಬುದು ಅವರ ನಂಬಿಕೆ. ಸುತ್ತಲಿನ ಜನರಿಗೆ ಅವರು ದಿಕ್ಕಿಗೊಂದರಂತೆ ಹೆಸರಿಟ್ಟರು: ಪೂರ್ವದವರು ‘ಯೀ’, ಪಶ್ಚಿಮದವರು ‘ರೊಂಗ್’, ದಕ್ಷಿಣದವರು ‘ಮಾನ್’, ಉತ್ತರದವರು ‘ದೀ’. ಮೊದಲು ಇವು ಬೇರೆ ಬೇರೆ ಬುಡಕಟ್ಟುಗಳ ಹೆಸರುಗಳಾಗಿದ್ದವು; ಕ್ರಮೇಣ ಆಯಾ ದಿಕ್ಕಿನ ಎಲ್ಲ ಹೊರಗಿನವರಿಗೂ ಅನ್ವಯಿಸಿದವು. ಇವುಗಳಲ್ಲಿ ‘ಯೀ’ ಎಂಬುದು ದಿಕ್ಕಿನ ಹಂಗನ್ನೂ ಬಿಟ್ಟು ‘ಅನ್ಯ’ ಎಂಬ ಸಾಮಾನ್ಯ ಅರ್ಥ ಪಡೆಯಿತು.

‘ಲೀ ಜೀ’ ಎಂಬ ಪ್ರಾಚೀನ ಆಚಾರಗ್ರಂಥ ಈ ನಾಲ್ಕು ದಿಕ್ಕಿನ ಜನರ ಉಡುಗೆ, ಆಹಾರಗಳನ್ನು ವರ್ಣಿಸುತ್ತದೆ. ಅಷ್ಟೇ ಅಲ್ಲ, ಅವರೊಡನೆ ಮಾತನಾಡಲು ಬೇಕಾದ ದುಭಾಷಿಗಳಿಗೂ ದಿಕ್ಕಿಗೊಂದು ಹೆಸರನ್ನು ಕೊಡುತ್ತದೆ. ಹೊರಗಿನವನನ್ನು ದೂರವಿಟ್ಟ ಜನಕ್ಕೂ ಅವನೊಡನೆ ಮಾತನಾಡುವ ಅಗತ್ಯವಿತ್ತು ಎಂಬುದು ಇದರಿಂದ ಸ್ಪಷ್ಟ. ಉತ್ತರ ದಿಕ್ಕಿನ ದುಭಾಷಿಗೆ ಇದ್ದ ಹೆಸರೇ ಇಂದಿನ ಚೀನೀ ಭಾಷೆಯಲ್ಲಿ ‘ಅನುವಾದ’ ಎಂಬ ಅರ್ಥದಲ್ಲಿ ಉಳಿದಿದೆ.

ಚೀನೀ ಬರಹದಲ್ಲಿ ಒಂದು ಅಕ್ಷರವನ್ನು ಹಲವು ಅಂಗಗಳನ್ನು ಜೋಡಿಸಿ ಬರೆಯುತ್ತಾರೆ. ‘ಮಾನ್’ ಅಕ್ಷರದಲ್ಲಿ ಹುಳುವಿನ ಗುರುತು, ‘ದೀ’ ಅಕ್ಷರದಲ್ಲಿ ನಾಯಿಯ ಗುರುತು, ‘ರೊಂಗ್’ ಅಕ್ಷರದಲ್ಲಿ ಆಯುಧದ ಗುರುತು ಇವೆ. ಕ್ರಿ.ಶ. 100ರ ಸುಮಾರಿನಲ್ಲಿ ನಿಘಂಟು ರಚಿಸಿದ ಶೂ ಶೆನ್ ಎಂಬ ವಿದ್ವಾಂಸ ‘ಯೀ’ ಅಕ್ಷರವನ್ನು ‘ದೊಡ್ಡ’ ಮತ್ತು ‘ಬಿಲ್ಲು’ ಎಂದು ಬಿಡಿಸಿದ. ಕಿವಿಗೆ ಕೇಳಿಸದ ತಿರಸ್ಕಾರ ಕಣ್ಣಿಗೆ ಕಾಣುವಂತೆ ಇರುವುದು ಈ ಲಿಪಿಯ ವೈಶಿಷ್ಟ್ಯ. ದಕ್ಷಿಣ ಚೀನಾದ ಜ್ವಾಂಗ್ ಜನರ ಹೆಸರನ್ನು ಹಿಂದೆ ನಾಯಿಯ ಗುರುತು ಸೇರಿಸಿ ಬರೆಯುತ್ತಿದ್ದರು. 20ನೆಯ ಶತಮಾನದಲ್ಲಿ ಅದರ ಜಾಗದಲ್ಲಿ ಮನುಷ್ಯನ ಗುರುತು ಬಂತು. 1965ರಲ್ಲಿ ‘ಬಲಶಾಲಿ’ ಎಂಬ ಅರ್ಥದ ಬೇರೆಯೇ ಅಕ್ಷರವನ್ನು ಗೊತ್ತುಪಡಿಸಲಾಯಿತು. ಕಿವಿಗೆ ಹೆಸರು ಅದೇ, ಆದರೆ ಬರೆಯುವವನ ಮನೋಭಾವ ಬದಲಾಯಿತು.

ನಡುನಾಡು ಯಾವುದು?

‘ನಡುವೆ ಇರುವವರು ನಾವು, ಅಂಚಿನಲ್ಲಿರುವವರು ಅವರು’ ಎಂಬ ಎಣಿಕೆ ಚೀನೀಯರದು ಮಾತ್ರವಲ್ಲ. ನಮ್ಮ ಪ್ರಾಚೀನರಿಗೂ ಮಧ್ಯದೇಶವೊಂದಿತ್ತು, ಅದರ ಆಚೆಗೆ ಮ್ಲೇಚ್ಛರಿದ್ದರು. ಈ ಎರಡು ಎಣಿಕೆಗಳು ಮುಖಾಮುಖಿಯಾದಾಗ ಏನಾಯಿತು ಎಂಬುದನ್ನು ಫಾಹಿಯಾನನ ಪ್ರವಾಸ ಕಥನದಲ್ಲಿ ನೋಡಬಹುದು.

ಇತಿಹಾಸದ ಪಾಠದಲ್ಲಿ ನೀವು ಓದಿರುವ ಈ ಬೌದ್ಧ ಭಿಕ್ಷು ಕ್ರಿ.ಶ. 399ರಲ್ಲಿ ಚೀನಾದಿಂದ ಹೊರಟ. ಬುದ್ಧ ಹುಟ್ಟಿ ನಡೆದಾಡಿದ ಗಂಗಾ ಬಯಲಿನ ಮಧ್ಯದೇಶವನ್ನು ಆತ ‘ಜೊಂಗ್‌ಗ್ವೋ’ ಎಂದು ಕರೆದಿದ್ದಾನೆ. ಜೊಂಗ್‌ಗ್ವೋ ಎಂದರೆ ‘ನಡುನಾಡು’. ಚೀನೀಯರು ತಮ್ಮ ದೇಶಕ್ಕೆ ಇಟ್ಟುಕೊಂಡ ಹೆಸರೇ ಅದು! ತನ್ನ ತಾಯ್ನಾಡಿಗೆ ಫಾಹಿಯಾನ್ ಬಳಸಿದ ಮಾತು ‘ಅಂಚಿನ ನಾಡು’. ಅವನ ಸಂಗಡಿಗ ದಾವ್‌ಜೆಂಗ್ ಪಾಟಲಿಪುತ್ರದಲ್ಲಿಯೇ ನಿಂತುಬಿಟ್ಟ. ಇನ್ನು ಮುಂದೆ ತಾನು ಅಂಚಿನ ನಾಡಿನಲ್ಲಿ ಹುಟ್ಟದಿರಲಿ ಎಂಬುದು ಅವನ ಪ್ರಾರ್ಥನೆಯಾಗಿತ್ತು. ಭಕ್ತಿಯ ಕಣ್ಣಿನಿಂದ ನೋಡಿದಾಗ ಲೋಕದ ನಡುಬಿಂದು ಹಿಮಾಲಯ ದಾಟಿ ಈಚೆಗೆ ಬಂದಿತ್ತು.

1644ರಲ್ಲಿ ಇನ್ನೊಂದು ತಿರುವು ಬಂತು. ಈಶಾನ್ಯದ ಮಂಚು ಜನ, ಅಂದರೆ ಚೀನೀಯರ ಎಣಿಕೆಯಲ್ಲಿ ‘ಯೀ’ಗಳು, ಬೀಜಿಂಗನ್ನು ಹಿಡಿದು ಚಿಂಗ್ ವಂಶದ ಚಕ್ರವರ್ತಿಗಳಾದರು. 1407ರಲ್ಲಿ ಸ್ಥಾಪನೆಯಾಗಿದ್ದ ಒಂದು ಸರ್ಕಾರಿ ಭಾಷಾ ಶಾಲೆಗೆ ‘ನಾಲ್ಕು ದಿಕ್ಕಿನ ಯೀಗಳ ಭವನ’ ಎಂಬ ಹೆಸರಿತ್ತು. ಮಂಗೋಲ, ಟಿಬೆಟನ್, ಫಾರಸೀ, ಬರ್ಮೀ ಭಾಷೆಗಳ ಜೊತೆಗೆ ಭಾರತದ ಭಾಷೆಗೂ ಅಲ್ಲಿ ಒಂದು ವಿಭಾಗವಿತ್ತು. ಹೊಸ ದೊರೆಗಳು ಆ ಹೆಸರಿನ ‘ಯೀ’ ಅಕ್ಷರವನ್ನು ತೆಗೆದು, ಹೆಚ್ಚುಕಡಿಮೆ ಅದೇ ಉಚ್ಚಾರಣೆಯ ‘ಅನುವಾದ’ ಎಂಬ ಅಕ್ಷರವನ್ನು ಹಾಕಿದರು. 1730ರಲ್ಲಿ ಯುಂಗ್‌ಜೆಂಗ್ ಚಕ್ರವರ್ತಿ ಒಂದು ಪುಸ್ತಕವನ್ನೇ ಪ್ರಕಟಿಸಿ, ‘ಯೀ’ ಎಂಬುದು ಹುಟ್ಟಿದ ಊರಿನ ಗುರುತೇ ಹೊರತು ಯೋಗ್ಯತೆಯ ಅಳತೆಯಲ್ಲ ಎಂದು ವಾದಿಸಿದ. ಆದರೆ ಇದೇ ವಂಶದ ಅಧಿಕಾರಿಗಳು ಮುಂದೆ ಕಡಲಿನಿಂದ ಬಂದ ಬ್ರಿಟಿಷರನ್ನು ‘ಯೀ’ ಎಂದೇ ಬರೆದರು.

ಅಡುಗೆಮನೆಯಲ್ಲಿ ಉಳಿದ ಚರಿತ್ರೆ

ಜನರಿಗೆ ಇಟ್ಟ ಹೆಸರುಗಳು ಅಳಿಸಿಹೋದರೂ ಅವರು ತಂದ ವಸ್ತುಗಳ ಹೆಸರಿನಲ್ಲಿ ಉಳಿಯುತ್ತವೆ. ಭೂಮಿಯ ಪದರಗಳನ್ನು ನೋಡಿ ಭೂವಿಜ್ಞಾನಿಗಳು ಕಾಲವನ್ನು ಹೇಳುವಂತೆ, ಚೀನೀ ತರಕಾರಿಗಳ ಹೆಸರಿನಿಂದ ಅವು ಬಂದ ದಾರಿಯನ್ನು ಊಹಿಸಬಹುದು. ಅಲ್ಲಿ ಮುಖ್ಯವಾಗಿ ಮೂರು ಪದರಗಳಿವೆ.

ಮೊದಲನೆಯದು ‘ಹೂ’. ಹಾನ್ ವಂಶದ ಕಾಲದಲ್ಲಿ, ಅಂದರೆ ಕ್ರಿ.ಪೂ. 202ರಿಂದ ಕ್ರಿ.ಶ. 220ರವರೆಗೆ, ಉತ್ತರದ ಕುದುರೆ ಸವಾರರಾದ ಶ್ಯುಂಗ್‌ನೂ ಜನರಿಗೆ ಈ ಹೆಸರಿತ್ತು. ಅನಂತರ ರೇಷ್ಮೆ ದಾರಿಯಲ್ಲಿ ಬಂದ ಮಧ್ಯ ಏಷ್ಯದ ವರ್ತಕರಿಗೂ ಅದೇ ಹೆಸರಾಯಿತು. ಎಳ್ಳು, ಅಕ್ರೋಟು, ಗಜ್ಜರಿ ಇವುಗಳ ಚೀನೀ ಹೆಸರಿನಲ್ಲಿ ಈ ‘ಹೂ’ ಸೇರಿದೆ. ‘ಅರ್‌ಹೂ’ ಎಂಬ ಎರಡು ತಂತಿಯ ಪ್ರಸಿದ್ಧ ವಾದ್ಯದ ಹೆಸರಿನಲ್ಲಿಯೂ ಇದೆ.

ನಮಗೆ ಹೆಚ್ಚು ಹತ್ತಿರದ ಉದಾಹರಣೆ ಕರಿಮೆಣಸಿನದು. ಅದರ ಚೀನೀ ಹೆಸರು ‘ಹೂಜ್ಯಾವ್’. ‘ಜ್ಯಾವ್’ ಎಂಬುದು ಚೀನಾದಲ್ಲಿಯೇ ಬೆಳೆಯುವ ಒಂದು ಖಾರದ ಕಾಯಿ. ಆದ್ದರಿಂದ ಹೂಜ್ಯಾವ್ ಎಂದರೆ ‘ಪರದೇಶಿ ಜ್ಯಾವ್’. 9ನೆಯ ಶತಮಾನದ ಒಂದು ಚೀನೀ ಗ್ರಂಥ ಇದು ಮಗಧದಿಂದ ಬರುತ್ತದೆಂದು ಹೇಳಿ, ಅಲ್ಲಿನವರು ಇಟ್ಟ ಹೆಸರನ್ನೂ ದಾಖಲಿಸಿದೆ. ಆ ಚೀನೀ ಅಕ್ಷರಗಳ ಹಿಂದೆ ಸಂಸ್ಕೃತದ ‘ಮರೀಚ’ ಎಂಬ ಪದವನ್ನು ವಿದ್ವಾಂಸರು ಗುರುತಿಸಿದ್ದಾರೆ. ಮಗಧ ವ್ಯಾಪಾರದ ದಾರಿಯಲ್ಲಿದ್ದ ನಾಡು. ಮೆಣಸಿನ ಬಳ್ಳಿಯ ತವರು ಮಲೆನಾಡು, ಮಲಬಾರುಗಳನ್ನು ಒಳಗೊಂಡ ನಮ್ಮ ಪಶ್ಚಿಮ ಘಟ್ಟ. ನಮ್ಮ ಹಿತ್ತಿಲಿನ ಬಳ್ಳಿ ಚೀನಾ ತಲುಪಿದಾಗ ಪರದೇಶಿಯಾಯಿತು. ಅದೇ ಹೆಸರು ಜಪಾನಿಗೆ ಹೋಗಿ ‘ಕೊಶೋ’ ಎಂದಾಗಿದೆ.

ಎರಡನೆಯ ಪದರ ‘ಫಾನ್’. ಇದೂ ಹೊರಗಿನ ಜನರಿಗೆ ಇದ್ದ ಹಳೆಯ ಹೆಸರು. 16ನೆಯ ಶತಮಾನದಿಂದೀಚೆಗೆ ಅಮೆರಿಕ ಖಂಡದ ಬೆಳೆಗಳು ದಕ್ಷಿಣದ ಕಡಲ ದಾರಿಯಲ್ಲಿ ಚೀನಾಕ್ಕೆ ಬಂದಾಗ ಈ ಮಾತು ಅವುಗಳಿಗೆ ಸೇರಿಕೊಂಡಿತು. ಸಿಹಿಗೆಣಸು ‘ಫಾನ್‌ಶೂ’ ಆಯಿತು. ಟೊಮೇಟೊ ‘ಫಾನ್‌ಚ್ಯೆ’, ಅಂದರೆ ಪರದೇಶಿ ಬದನೆ. ಪರಂಗಿ ಹಣ್ಣು ಅಲ್ಲಿ ‘ಫಾನ್‌ಮೂಗ್ವಾ’ – ಪರದೇಶಿ ಮೂಗ್ವಾ, ಮೂಗ್ವಾ ಎಂಬುದು ಅಲ್ಲಿನ ಒಂದು ಸ್ಥಳೀಯ ಹಣ್ಣು. ಒಂದೇ ಹಣ್ಣಿಗೆ ಕನ್ನಡಿಗರೂ ಚೀನೀಯರೂ ಪರಸ್ಪರ ಕೇಳದೆಯೇ ಒಂದೇ ಬಗೆಯ ಹೆಸರಿಟ್ಟಿದ್ದಾರೆ.

ಮೂರನೆಯದು ‘ಯಾಂಗ್’. ಇದರ ಮೂಲ ಅರ್ಥ ಸಾಗರ. 19ನೆಯ ಶತಮಾನದಲ್ಲಿ ಯುರೋಪಿನ ಹಡಗುಗಳು ಹೆಚ್ಚಾದಂತೆ ಸಾಗರದಾಚೆಯದೆಲ್ಲ ಯಾಂಗ್ ಆಯಿತು. ಬೆಂಕಿಕಡ್ಡಿ ‘ಯಾಂಗ್‌ಹ್ವೋ’, ಅಂದರೆ ಕಡಲಾಚೆಯ ಬೆಂಕಿ. ಸೀಮೆಎಣ್ಣೆ ‘ಯಾಂಗ್‌ಯೋ’, ಕಡಲಾಚೆಯ ಎಣ್ಣೆ. ನಮ್ಮ ಸೀಮೆಎಣ್ಣೆಗೆ ಅದು ಪಡಿಯಚ್ಚು. ಈ ವಸ್ತುಗಳು ಚೀನಾದಲ್ಲಿಯೇ ತಯಾರಾಗತೊಡಗಿದ ಮೇಲೆ ಇಂಥ ಹೆಸರುಗಳು ಬಳಕೆ ತಪ್ಪಿದವು. ಈರುಳ್ಳಿ ಮಾತ್ರ ಇಂದಿಗೂ ‘ಯಾಂಗ್‌ತ್ಸುಂಗ್’ ಆಗಿಯೇ ಉಳಿದಿದೆ. ಅದನ್ನು ಕತ್ತರಿಸುವಾಗ ‘ಇದು ವಿದೇಶಿ’ ಎಂದು ಯಾವ ಚೀನೀ ಗೃಹಿಣಿಯೂ ಯೋಚಿಸುವುದಿಲ್ಲ.

ಒಂದು ಅಕ್ಷರಕ್ಕಾಗಿ ಒಪ್ಪಂದದ ಕಲಮು

ತರಕಾರಿಗಳು ತಮ್ಮ ಹೆಸರಿನ ಬಗ್ಗೆ ತಕರಾರು ಮಾಡುವುದಿಲ್ಲ. ಮನುಷ್ಯರು ಮಾಡುತ್ತಾರೆ. 1832ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕಳುಹಿಸಿದ ‘ಲಾರ್ಡ್ ಆಮ್‌ಹರ್ಸ್ಟ್’ ಎಂಬ ಹಡಗು ಶಾಂಘಾಯಿಗೆ ಬಂತು. ಹಡಗಿನ ಮುಖ್ಯಸ್ಥ ಹ್ಯೂ ಹ್ಯಾಮಿಲ್ಟನ್ ಲಿಂಡ್ಸೆ ತಮ್ಮ ಜನರನ್ನು ‘ಯೀ’ ಎಂದು ಬರೆದದ್ದಕ್ಕೆ ಆಕ್ಷೇಪಿಸಿದ. ಅದು ಅವಮಾನದ ಮಾತಲ್ಲ ಎಂದು ಅಲ್ಲಿನ ಅಧಿಕಾರಿ ಉತ್ತರಿಸಿದ. ಅವನ ಆಧಾರ ಮೆನ್ಸಿಯಸ್ ಎಂಬ ಪ್ರಾಚೀನ ತತ್ವಜ್ಞಾನಿಯ ಗ್ರಂಥ. ಆದರ್ಶ ದೊರೆ ಶುನ್ ಪೂರ್ವದ ಯೀ, ರಾಜ ವೆನ್ ಪಶ್ಚಿಮದ ಯೀ ಎಂದು ಅದರಲ್ಲಿದೆ. ಚೀನೀಯರು ಪೂಜಿಸುವ ದೊರೆಗಳೇ ಯೀಗಳಾಗಿದ್ದರೆ ಅದು ಬೈಗುಳ ಹೇಗಾದೀತು ಎಂಬುದು ಅವನ ವಾದ. ಲಿಂಡ್ಸೆ ಒಪ್ಪಲಿಲ್ಲ.

ಅನಂತರ ಅಫೀಮು ಯುದ್ಧಗಳು ನಡೆದವು. ಎರಡನೆಯ ಯುದ್ಧದ ನಡುವೆ 1858ರಲ್ಲಿ ತ್ಯಾನ್‌ಜಿನ್ ನಗರದಲ್ಲಿ ಬ್ರಿಟನ್ ಮತ್ತು ಚೀನಾ ಒಪ್ಪಂದಕ್ಕೆ ಸಹಿ ಹಾಕಿದವು. ಅದರ 51ನೆಯ ಕಲಮು ಜಗತ್ತಿನ ಒಪ್ಪಂದಗಳಲ್ಲಿಯೇ ವಿಚಿತ್ರವಾದದ್ದು. ಬ್ರಿಟಿಷ್ ಸರ್ಕಾರವನ್ನಾಗಲಿ ಪ್ರಜೆಗಳನ್ನಾಗಲಿ ಕುರಿತು ಚೀನೀ ಅಧಿಕಾರಿಗಳು ಯಾವ ಸರ್ಕಾರಿ ಪತ್ರದಲ್ಲಿಯೂ ‘ಯೀ’ ಅಕ್ಷರವನ್ನು ಬಳಸಕೂಡದು ಎಂದು ಅದು ವಿಧಿಸಿತು. ಆ ಅಕ್ಷರದ ಅರ್ಥ ‘ಅನಾಗರಿಕ’ ಎಂದು ಒಪ್ಪಂದದಲ್ಲಿಯೇ ಬರೆಯಲಾಯಿತು. ಅರ್ಥದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೆ ಇಂಗ್ಲಿಷ್ ಪಾಠವೇ ಪ್ರಮಾಣ ಎಂದು ಅದರ ಹಿಂದಿನ ಕಲಮು ಹೇಳುತ್ತಿತ್ತು. ಒಂದು ಚೀನೀ ಪದದ ಅರ್ಥವನ್ನು ಯುದ್ಧ ನೌಕೆಗಳ ಬೆಂಬಲದಿಂದ ಇಂಗ್ಲಿಷಿನಲ್ಲಿ ನಿರ್ಧರಿಸಿದಂತಾಯಿತು.

ಯಾರ ವಾದ ಸರಿ? ‘ಯೀ’ ಎಂಬ ಮಾತಿನಲ್ಲಿ ಮೇಲು-ಕೀಳಿನ ಭಾವನೆ ಇರಲೇ ಇಲ್ಲವೆನ್ನುವಂತಿಲ್ಲ. ಮಂಚು ದೊರೆಗಳೇ ಅದರಿಂದ ಮುಜುಗರಪಟ್ಟದ್ದನ್ನು ಈಗಾಗಲೇ ನೋಡಿದೆವು. ಹಾಗೆಂದು ಬ್ರಿಟಿಷರ ಆಕ್ಷೇಪವೂ ಪೂರ್ತಿ ನಿರ್ಮಲವಾದದ್ದಲ್ಲ. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಏಷ್ಯದ ಜನರನ್ನು ಹೀಗಳೆಯುವ ಮಾತುಗಳಿಗೆ ಕೊರತೆಯಿರಲಿಲ್ಲ. ಅವುಗಳನ್ನು ನಿಷೇಧಿಸುವ ಕಲಮು ಒಪ್ಪಂದದಲ್ಲಿ ಇರಲಿಲ್ಲ.

ನಿಷೇಧದ ಫಲವೇನು? ಸರ್ಕಾರಿ ಕಡತಗಳಲ್ಲಿ ‘ಯೀ ವ್ಯವಹಾರ’ ಎಂಬುದು ‘ಯಾಂಗ್ ವ್ಯವಹಾರ’ ಆಯಿತು. ಬೀದಿಯಲ್ಲಿ ಮಾತ್ರ ಜನ ವಿದೇಶೀಯರನ್ನು ‘ಯಾಂಗ್ ಗ್ವೇಜ’ ಎಂದರು. ಅದರ ಅರ್ಥ ‘ಕಡಲಾಚೆಯ ಪಿಶಾಚಿ’! ಸೋತವನ ಸಿಟ್ಟನ್ನು ಒಪ್ಪಂದದ ಕಲಮು ಅಳಿಸಲಾಗಲಿಲ್ಲ.

ಜಪಾನಿನಲ್ಲಿ ಆದದ್ದೇನು?

ಪ್ರಾಚೀನ ಚೀನೀ ಇತಿಹಾಸ ಗ್ರಂಥಗಳಲ್ಲಿ ಜಪಾನಿನ ವಿವರಣೆ ‘ಪೂರ್ವದ ಯೀಗಳು’ ಎಂಬ ಅಧ್ಯಾಯದಲ್ಲಿ ಬರುತ್ತದೆ. ಆದರೆ ಜಪಾನೀಯರು ಚೀನಾದಿಂದ ಲಿಪಿಯನ್ನು ಕಲಿತಾಗ ಈ ಮಾತನ್ನೂ ಕಲಿತು, ಅದನ್ನು ತಮ್ಮ ಉತ್ತರದ ನೆರೆಯವರಾದ ಎಮಿಶಿ ಜನರಿಗೆ ಅಂಟಿಸಿದರು. ಜಪಾನೀ ಉಚ್ಚಾರಣೆಯಲ್ಲಿ ‘ಯೀ’ ಎಂಬುದು ‘ಇ’ ಆಗುತ್ತದೆ. ಎಮಿಶಿಗಳ ಮೇಲೆ ದಂಡೆತ್ತಿ ಹೋದ ಸೇನಾಪತಿಗೆ ‘ಸೆಯ್-ಇ ತಾಯ್‌ಶೋಗುನ್’, ಅಂದರೆ ‘ಇ-ಗಳನ್ನು ದಮನ ಮಾಡುವ ಮಹಾ ಸೇನಾಪತಿ’ ಎಂಬ ಬಿರುದು ಸಿಕ್ಕಿತು. 1192ರಲ್ಲಿ ಮಿನಮೊತೊ ಯೊರಿತೊಮೊ ಈ ಬಿರುದನ್ನು ಪಡೆದ ಬಳಿಕ ಅದು ದೇಶವನ್ನಾಳುವ ಸೇನಾ ನಾಯಕನ ಪದವಿಯಾಯಿತು. ನೀವು ಪಠ್ಯದಲ್ಲಿ ಓದುವ ‘ಶೋಗನ್’ ಎಂಬುದು ಈ ಉದ್ದ ಬಿರುದಿನ ಕೊನೆಯ ತುಂಡು.

1543ರಲ್ಲಿ ಪೋರ್ಚುಗೀಸರು ತನೆಗಾಶಿಮ ದ್ವೀಪಕ್ಕೆ ಬಂದು ಬಂದೂಕನ್ನು ಪರಿಚಯಿಸಿದರು. ಅವರು ಬಂದದ್ದು ದಕ್ಷಿಣದ ಕಡಲಿನಿಂದ. ಆದ್ದರಿಂದ ಜಪಾನೀಯರು ಅವರನ್ನು ಚೀನೀಯರ ಹಳೆಯ ಪಟ್ಟಿಯಂತೆ ‘ನಾನ್‌ಬಾನ್’, ಅಂದರೆ ದಕ್ಷಿಣದ ಮಾನ್ ಎಂದು ಕರೆದರು. 1549ರಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಗೋವೆಯಿಂದ ಹೊರಟು ಕಾಗೊಶಿಮ ತಲುಪಿದಾಗ, ಈ ಪಾದ್ರಿಗಳು ಬುದ್ಧನ ನಾಡಾದ ‘ತೆಂಜಿಕು’, ಅಂದರೆ ಭಾರತದಿಂದ ಬಂದವರೆಂದು ಅನೇಕರು ಭಾವಿಸಿದರು. ಅನಂತರ ಬಂದ ಡಚ್ಚರಿಗೆ ‘ಕೋಮೋ’, ಅಂದರೆ ಕೆಂಗೂದಲಿನವರು ಎಂಬ ಹೆಸರಾಯಿತು. ಇಂದು ಜಪಾನಿನ ಹೋಟೆಲುಗಳಲ್ಲಿ ‘ನಾನ್‌ಬಾನ್’ ಎಂಬುದು ಹುಳಿ-ಖಾರ ಬೆರೆಸಿದ ಮೀನು, ಕೋಳಿಯ ಖಾದ್ಯಗಳ ಹೆಸರಿನಲ್ಲಿ ಉಳಿದಿದೆ.

1853ರಲ್ಲಿ ಅಮೆರಿಕದ ಕಮೊಡೋರ್ ಪೆರ್ರಿ ಉಗಿಹಡಗುಗಳೊಂದಿಗೆ ಬಂದು ಬಾಗಿಲು ತೆರೆಯಲು ಒತ್ತಾಯಿಸಿದ. ಆಗ ಹಳೆಯ ಬಿರುದು ಶೋಗನ್‌ಗೆ ಮುಳ್ಳಾಯಿತು. ಇ-ಗಳನ್ನು ದಮನ ಮಾಡಬೇಕಾದವನೇ ಅವರೊಡನೆ ಒಪ್ಪಂದ ಮಾಡಿಕೊಂಡನಲ್ಲ ಎಂದು ಯುವ ಸಮುರಾಯ್‌ಗಳು ಕೆರಳಿದರು. ‘ಜೋ-ಇ’, ಅಂದರೆ ‘ಇ-ಗಳನ್ನು ಓಡಿಸಿ’ ಎಂಬುದು ಅವರ ಘೋಷಣೆ. 1863ರ ಆರಂಭದಲ್ಲಿ ಎದೊ ನಗರದ ಬ್ರಿಟಿಷ್ ದೂತಾವಾಸದ ಕಟ್ಟಡಕ್ಕೆ ಬೆಂಕಿಯಿಟ್ಟವರಲ್ಲಿ ಇತೊ ಹಿರೊಬುಮಿ ಎಂಬ ತರುಣನಿದ್ದ. ಅದೇ ವರ್ಷ ಆತ ಗುಟ್ಟಾಗಿ ಹಡಗು ಹತ್ತಿ ಲಂಡನ್ನಿಗೆ ಓದಲು ಹೋದ! ಪಶ್ಚಿಮದ ಶಕ್ತಿಯನ್ನು ಕಣ್ಣಾರೆ ಕಂಡು ಮರಳಿದ ಇತೊ 1885ರಲ್ಲಿ ಜಪಾನಿನ ಮೊದಲ ಪ್ರಧಾನಮಂತ್ರಿಯಾದ.

ಅಷ್ಟರಲ್ಲಿ ಮಾತುಗಳೂ ಬದಲಾಗಿದ್ದವು. 1867ರಲ್ಲಿ ಕೊನೆಯ ಶೋಗನ್ ಅಧಿಕಾರ ಬಿಟ್ಟುಕೊಟ್ಟ. ಹೊಸ ಮೆಯ್‌ಜಿ ಸರ್ಕಾರ ರೈಲು, ದೀಪಸ್ತಂಭ, ಕಾಲೇಜುಗಳಿಗಾಗಿ ವಿದೇಶಿ ತಜ್ಞರನ್ನು ಕರೆಸಿತು. ಅವರಿಗೆ ಬಂದ ಹೆಸರು ‘ಒಯಾತೊಯ್ ಗೈಕೊಕುಜಿನ್’. ಗೈಕೊಕುಜಿನ್ ಎಂದರೆ ಹೊರದೇಶದ ವ್ಯಕ್ತಿ. ಮೊದಲಿನ ‘ಒ’ ಗೌರವಸೂಚಕ. ಓಡಿಸಬೇಕಾಗಿದ್ದವರು ಕೆಲವೇ ವರ್ಷಗಳಲ್ಲಿ ಗೌರವದ ನೌಕರರಾದರು. ಬಂದವರ ಸ್ವಭಾವ ಬದಲಾಗಿರಲಿಲ್ಲ. ಜಪಾನಿಗೆ ಅವರಿಂದ ಬೇಕಾದದ್ದು ಬದಲಾಗಿತ್ತು.

ಇಂದಿನ ಮಾತು, ನಮ್ಮ ಮಾತು

ಈಗ ಎರಡೂ ದೇಶಗಳ ಕಡತಗಳಲ್ಲಿ ಒಂದೇ ಪದವಿದೆ. ಬರೆಯುವ ಅಕ್ಷರಗಳು ಅವೇ: ಹೊರಗೆ, ದೇಶ, ವ್ಯಕ್ತಿ. ಚೀನೀಯರು ಅದನ್ನು ‘ವಾಯ್‌ಗ್ವೋರೆನ್’ ಎಂದು ಓದುತ್ತಾರೆ, ಜಪಾನೀಯರು ‘ಗೈಕೊಕುಜಿನ್’ ಎಂದು. ಆಡುಮಾತಿನಲ್ಲಿ ಚೀನೀಯರು ‘ಲಾವ್‌ವಾಯ್’ ಎನ್ನುತ್ತಾರೆ. ‘ಲಾವ್’ ಎಂದರೆ ಹಿರಿಯ. ಗುರುವಿಗೂ ಗೆಳೆಯನಿಗೂ ಸೇರಿಸುವ ಸಲಿಗೆಯ ಮಾತು.

ಜಪಾನಿನ ‘ಗೈಜಿನ್’ ಎಂಬುದನ್ನು ಗೈಕೊಕುಜಿನ್ ಪದದ ಮೊಟಕು ರೂಪವೆಂದು ಹಲವರು ತಿಳಿಯುತ್ತಾರೆ. ವಾಸ್ತವವಾಗಿ ಈ ಪದ ಹಳೆಯದು. ‘ಹೆಯ್‌ಕೆ ಮೊನೊಗತಾರಿ’ ಎಂಬ ಮಧ್ಯಯುಗದ ಯುದ್ಧ ಕಥನದಲ್ಲಿ ಅದು ತಮ್ಮ ಗುಂಪಿಗೆ ಸೇರದ ಜಪಾನೀಯರನ್ನೇ ಸೂಚಿಸುತ್ತದೆ. ಕೆಲವು ವಿದೇಶೀಯರು ಈ ಮಾತನ್ನು ನಗುತ್ತ ಸ್ವೀಕರಿಸುತ್ತಾರೆ. ಮೂವತ್ತು ವರ್ಷ ಜಪಾನಿನಲ್ಲಿ ಬಾಳಿದವನಿಗೆ ಮಾತ್ರ ‘ನೀನು ಇನ್ನೂ ಹೊರಗಿನವನೇ’ ಎಂದು ಕೇಳಿಸುತ್ತದೆ. ಅಲ್ಲಿನ ಪ್ರಸಾರ ಮಾಧ್ಯಮಗಳು ಸಾಮಾನ್ಯವಾಗಿ ಈ ಮಾತನ್ನು ಬಿಟ್ಟು ಗೈಕೊಕುಜಿನ್ ಎಂದೇ ಹೇಳುತ್ತವೆ. ಹಾಂಗ್‌ಕಾಂಗಿನಲ್ಲಿ ಬಿಳಿಯರನ್ನು ‘ಗ್ವೈಲೋ’, ಅಂದರೆ ಪಿಶಾಚಿ ಮನುಷ್ಯ ಎನ್ನುವ ರೂಢಿಯಿದೆ. 2022ರಲ್ಲಿ ಅಲ್ಲಿನ ಜಿಲ್ಲಾ ನ್ಯಾಯಾಲಯ ಈ ಮಾತನ್ನು ಪರಿಶೀಲಿಸಿ, ಅದು ಯಾವಾಗಲೂ ಅವಮಾನವೇ ಆಗಬೇಕಾಗಿಲ್ಲ, ಬಳಸಿದ ಸಂದರ್ಭವನ್ನು ನೋಡಬೇಕು ಎಂಬ ನಿಲುವು ತಾಳಿತು. 1832ರಲ್ಲಿ ಶಾಂಘಾಯಿಯಲ್ಲಿ ಎದ್ದ ಪ್ರಶ್ನೆ ಇನ್ನೂ ಮುಗಿದಿಲ್ಲ.

ಈ ಪ್ರಶ್ನೆ ನಿಮ್ಮ ತರಗತಿಗೂ ಬರಬಹುದು. ಮಣಿಪುರ, ನಾಗಾಲ್ಯಾಂಡ್, ಮಿಜೋರಾಂಗಳ ವಿದ್ಯಾರ್ಥಿಗಳು ಬೆಂಗಳೂರು ಮೊದಲಾದ ನಗರಗಳಲ್ಲಿ ಓದುತ್ತಿದ್ದಾರೆ. ಮುಖಚಹರೆ ನೋಡಿ ಅವರನ್ನು ಚೀನಾದವರೆಂದು ಕೂಗುವವರಿದ್ದಾರೆ. ಕೂಗಿದವನು ‘ತಮಾಷೆಗೆ ಅಂದೆ’ ಎನ್ನುತ್ತಾನೆ; ಕೇಳಿದವರಿಗೆ ತಮ್ಮ ದೇಶದಲ್ಲಿಯೇ ತಾವು ಪರದೇಶಿಗಳು ಎನಿಸುತ್ತದೆ. ಈಶಾನ್ಯ ರಾಜ್ಯಗಳ ಜನರ ಕಷ್ಟಗಳನ್ನು ಪರಿಶೀಲಿಸಲು 2014ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಬೆಜ್‌ಬರುವಾ ಸಮಿತಿ, ಇಂಥ ಜನಾಂಗೀಯ ನಿಂದೆಯನ್ನು ಶಿಕ್ಷಾರ್ಹವಾಗಿಸಬೇಕೆಂದು ಶಿಫಾರಸು ಮಾಡಿತು. ಕಾನೂನು ಬೇಕು. ಆದರೆ 51ನೆಯ ಕಲಮಿನ ಕಥೆ ನೆನಪಿರಲಿ: ಕಡತದಿಂದ ಒಂದು ಮಾತು ಹೋದರೆ ಬೀದಿಯಲ್ಲಿ ಇನ್ನೊಂದು ಹುಟ್ಟುತ್ತದೆ. ಮಾತಿನ ಮೂಲ ಅರ್ಥವೇನೆಂದು ನಿಘಂಟನ್ನು ಕೇಳಬಹುದು. ಅದು ನೋಯಿಸುತ್ತದೆಯೇ ಎಂಬುದನ್ನು ಕೇಳಿಸಿಕೊಂಡವರನ್ನೇ ಕೇಳಬೇಕು.

ನಿಮಗೊಂದು ಕೆಲಸವಿದೆ. ಸೀಮೆ, ಪರಂಗಿ, ವಿಲಾಯಿತಿ, ಯವನ – ಇಂಥ ಮಾತುಗಳು ನಿಮ್ಮ ಊರಿನಲ್ಲಿ ಯಾವ ಯಾವ ಗಿಡ, ಹಣ್ಣು, ವಸ್ತುಗಳಿಗೆ ಸೇರಿವೆ ಎಂದು ಮನೆಯ ಹಿರಿಯರನ್ನು ವಿಚಾರಿಸಿ ಪಟ್ಟಿ ಮಾಡಿ. ಪಕ್ಕದ ಇನ್ನೊಂದು ಸಾಲಿನಲ್ಲಿ, ಬೇರೆ ಊರಿನಿಂದ ಬಂದ ಮನುಷ್ಯರಿಗೆ ನಿಮ್ಮ ಊರಿನವರು ಇಟ್ಟಿರುವ ಹೆಸರುಗಳನ್ನು ಬರೆಯಿರಿ. ಎರಡನೆಯ ಸಾಲನ್ನು ಆ ಮನುಷ್ಯರ ಎದುರಿಗೆ ಓದಿ ಹೇಳಲು ನಿಮಗೆ ಧೈರ್ಯವಿದೆಯೇ ಎಂದು ನೋಡಿಕೊಳ್ಳಿ.